ಮನೋವಿಜ್ಞಾನಿಗಳು: ಬಗೆ ಮತ್ತು ಆಯ್ಕೆ (ಚಂದಾಪುರ–ಸೇಡಂ ಸೀಮೆ)

ಮನಸ್ಸು ಮತ್ತು ನಡವಳಿಕೆಯ ಶಾಸ್ತ್ರದಲ್ಲಿ ತರಬೇತಿ ಪಡೆದು ಅದನ್ನು ಚಿಕಿತ್ಸೆ, ಪರೀಕ್ಷೆ, ಸಲಹೆ, ಸಂಶೋಧನೆಗಳಲ್ಲಿ ಬಳಸುವವರು ಮನೋವಿಜ್ಞಾನಿಗಳು. ಪಠ್ಯಪುಸ್ತಕಗಳು ಇವರನ್ನು ಕ್ಲಿನಿಕಲ್ ಸೈಕಾಲಜಿಸ್ಟ್, ಆಪ್ತಸಮಾಲೋಚಕ, ಶಾಲಾ ಮನೋವಿಜ್ಞಾನಿ, ನರಮನೋವಿಜ್ಞಾನಿ, ಔದ್ಯೋಗಿಕ ಮನೋವಿಜ್ಞಾನಿ, ನ್ಯಾಯ ಮನೋವಿಜ್ಞಾನಿ ಎಂದು ವಿಂಗಡಿಸುತ್ತವೆ. ವಿಂಗಡಣೆ ತಪ್ಪಲ್ಲ, ಆದರೆ ಅದು ಒಂದೊಂದು ಬಗೆಗೂ ಒಂದೊಂದು ಬಾಗಿಲು ತೆರೆದಿರುವ ಮಹಾನಗರದಲ್ಲಿ ಕುಳಿತು ಬರೆದದ್ದು. ಕಲಬುರಗಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಚಿಂಚೋಳಿಗೆ ಅಂಟಿಕೊಂಡಿರುವ ಚಂದಾಪುರ ಅಂಥ ಊರಲ್ಲ. ಜಿಲ್ಲಾ ಕೇಂದ್ರ ಇಲ್ಲಿಂದ ದೂರ, ತೆಲಂಗಾಣದ ತಾಂಡೂರು ಹತ್ತಿರ. ಸಂತೆಯಲ್ಲಿ ಕನ್ನಡ, ತೆಲುಗು, ದಖನಿ, ಲಂಬಾಣಿ ನಾಲ್ಕೂ ಕೇಳಿಸುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಸ್ಥಿತಿಯೂ ಹೆಚ್ಚುಕಡಿಮೆ ಇದೇ: ಸಿಮೆಂಟ್ ಕಾರ್ಖಾನೆ, ಫರ್ಸಿ ಕಲ್ಲಿನ ಗಣಿ, ತೊಗರಿ ಹೊಲ, ಮುಂಬೈ-ಪುಣೆ-ಹೈದರಾಬಾದಿಗೆ ಗುಳೆ ಹೋಗುವ ತಾಂಡಾಗಳು. ಇಲ್ಲಿನವರು ಆರು ಬಗೆಯ ತಜ್ಞರಲ್ಲಿ ಒಬ್ಬರನ್ನು ಆರಿಸಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಬೋರ್ಡಿನ ಮೇಲಿನ ಬಗೆಗಿಂತ ತಮಗೆ ಆಗಬೇಕಾದ ಕೆಲಸ ಯಾವುದು, ಆ ಕೆಲಸ ಕೆಟ್ಟರೆ ಮಾಡಿದವರು ಯಾರಿಗೆ ಉತ್ತರ ಕೊಡಬೇಕು, ಯಾವ ಭಾಷೆಯಲ್ಲಿ ಮಾತಾಗುತ್ತದೆ ಎಂಬ ಮೂರು ಪ್ರಶ್ನೆಗಳಿಂದ ಹೊರಡುವುದೇ ಇಲ್ಲಿ ಆಯ್ಕೆಯ ಸರಿಯಾದ ದಾರಿ ಎಂಬುದು ಈ ಲೇಖನದ ವಾದ.

ಮೊದಲು ಕೆಲಸದ ಮಾತು. ದವಾಖಾನೆಗೆ ಬಂದವರು ‘ಎದಿ ಧಡಧಡ ಅಂತದ’, ‘ಜೀವಕ್ಕ ಸಮಾಧಾನ ಇಲ್ಲ’, ‘ರಾತ್ರಿ ನಿದ್ದಿ ಇಲ್ಲ’ ಎನ್ನುತ್ತಾರೆ. ದಖನಿಯಲ್ಲಾದರೆ ‘ದಿಲ್ ಘಬ್ರಾರಾ’. ಇದರ ಹಿಂದೆ ಥೈರಾಯ್ಡ್ ತೊಂದರೆ, ರಕ್ತಹೀನತೆ, ಕುಡಿತ ಬಿಟ್ಟ ಮೊದಲ ದಿನಗಳ ತಳಮಳ, ಖಿನ್ನತೆ, ಸಾಲದ ಚಿಂತೆ ಯಾವುದೂ ಇರಬಹುದು. ಆದ್ದರಿಂದ ಮೊದಲ ಬಾಗಿಲು ಎಂಬಿಬಿಎಸ್ ವೈದ್ಯರದೇ ಆದರೂ ತಪ್ಪಿಲ್ಲ. ಇಲ್ಲದ್ದು ಕಾಣುತ್ತಿದೆ, ಕೇಳುತ್ತಿದೆ ಎನ್ನುವುದು, ಊಟ-ನಿದ್ದೆ ಬಿಟ್ಟು ಅತಿಯಾಗಿ ಉಬ್ಬಿ ಓಡಾಡುವುದು, ಸಾಯುವ ಮಾತಾಡುವುದು, ಇವೆಲ್ಲ ಮನೋವೈದ್ಯರ ಕೆಲಸ. ಮನೋವೈದ್ಯರೆಂದರೆ ವೈದ್ಯಪದವಿಯ ಮೇಲೆ ಸೈಕಿಯಾಟ್ರಿ ಓದಿದವರು. ಔಷಧಿ ಬರೆಯುವ ಅಧಿಕಾರ ಅವರಿಗುಂಟು, ಮನೋವಿಜ್ಞಾನಿಗಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟರ ಕೆಲಸ ಮಾತಿನ ಚಿಕಿತ್ಸೆ ಮತ್ತು ಮಾನಸಿಕ ಪರೀಕ್ಷೆಗಳು. ಈ ತರಬೇತಿಯ ಭಾರತೀಯ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ನರ ಶಿಷ್ಯರಾಗಿದ್ದ ಎಂ.ವಿ. ಗೋಪಾಲಸ್ವಾಮಿ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಶುರುವಾಗಿ, ಬೇಗನೆ ಆಸ್ಪತ್ರೆಯ ಮನೋವಿಜ್ಞಾನಿಗಳಿಗೆ ಡಿಪ್ಲೊಮಾ ತರಬೇತಿ ಕೊಡತೊಡಗಿತು. 1974ರಲ್ಲಿ ಅಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ಅದೇ ನಿಮ್ಹಾನ್ಸ್ ಆಯಿತು. ಆ ಡಿಪ್ಲೊಮಾ ಮುಂದೆ ಎರಡು ವರ್ಷದ ಎಂ.ಫಿಲ್. ರೂಪ ತಾಳಿ ದೇಶಕ್ಕೆಲ್ಲ ಮಾದರಿಯಾಯಿತು. ಇಂದು ಭಾರತೀಯ ಪುನರ್ವಸತಿ ಮಂಡಳಿಯ, ಅಂದರೆ ಆರ್‌ಸಿಐನ, ಕೇಂದ್ರ ನೋಂದಣಿಯಲ್ಲಿ ಹೆಸರಿದ್ದವರು ಮಾತ್ರ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ವೃತ್ತಿ ಮಾಡಬಹುದು. 1992ರ ಆರ್‌ಸಿಐ ಕಾಯ್ದೆಯಂತೆ ನೋಂದಣಿ ಇಲ್ಲದೆ ಆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿಗೆ ಈಗ ಯಾರೂ ಅಂಜುವುದಿಲ್ಲ ಎಂಬುದು ಬೇರೆ ಮಾತು.

ಈ ಸೀಮೆಯ ಬಹಳಷ್ಟು ಕುಟುಂಬಗಳು ಮನೋವಿಜ್ಞಾನಿಯ ಮುಂದೆ ಮೊದಲ ಸಲ ಕೂರುವುದು ಮನಸ್ಸು ಬಿಚ್ಚಿ ಮಾತಾಡಲಿಕ್ಕಲ್ಲ, ಸರ್ಟಿಫಿಕೇಟಿಗೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವಿಗೆ ಅಂಗವಿಕಲರ ಗುರುತಿನ ಚೀಟಿ, ಮಾಸಾಶನ, ಬಸ್ ಪಾಸ್ ಸಿಗಬೇಕಾದರೆ ಪರೀಕ್ಷೆಯ ಅಂಕಿ ಬೇಕು. ಇಲ್ಲಿ ಬಳಕೆಯಲ್ಲಿರುವ ಬುದ್ಧಿಮಾಪನಗಳಲ್ಲೊಂದು ಕನ್ನಡ ನೆಲದಲ್ಲೇ ಹುಟ್ಟಿದ್ದು: ಧಾರವಾಡದ ವಿ.ವಿ. ಕಾಮತ್ 1930ರ ದಶಕದಲ್ಲಿ ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂದು ಅದು ಇಂದಿಗೂ ಆಸ್ಪತ್ರೆಗಳಲ್ಲಿದೆ. ಇದರ ಜೊತೆಗೆ ನಡೆಯುವುದು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನ. ನಾಗಪುರದ ಎ.ಜೆ. ಮಾಲಿನ್ ಭಾರತಕ್ಕೆ ಹೊಂದಿಸಿದ ಈ ಮಾಪನದಲ್ಲಿ 89 ಅಂಶಗಳಿವೆ. ಹೆಚ್ಚಿನವನ್ನು ಮಗುವನ್ನಲ್ಲ, ತಾಯಿಯನ್ನೋ ತಂದೆಯನ್ನೋ ಕೇಳಿ ತುಂಬುತ್ತಾರೆ. ಲೋಟ ಹಿಡಿದು ತಾನೇ ನೀರು ಕುಡಿಯುತ್ತದೆಯೇ, ಗುಂಡಿ ಹಾಕಿಕೊಳ್ಳುತ್ತದೆಯೇ, ಅಪಾಯ ತಿಳಿದು ದೂರ ಸರಿಯುತ್ತದೆಯೇ, ಸಣ್ಣಪುಟ್ಟ ಸಾಮಾನು ಕೊಳ್ಳಬಲ್ಲದೇ. ಅಂಗಡಿಯೇ ಇಲ್ಲದ ತಾಂಡಾದ ತಾಯಿ ಕೊನೆಯ ಪ್ರಶ್ನೆಗೆ ‘ಇಲ್ಲ’ ಎನ್ನುತ್ತಾಳೆ. ಆ ‘ಇಲ್ಲ’ ಮಗುವಿಗೆ ಬರುವುದಿಲ್ಲ ಎಂದೋ, ಅವಕಾಶವೇ ಸಿಕ್ಕಿಲ್ಲ ಎಂದೋ? ಈ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಲು ಮಾಪನದಲ್ಲೇ ಎಡೆಯಿದೆ, ಆದರೆ ಮುಂದಿನ ಪ್ರಶ್ನೆಯನ್ನು ಆಕೆಗೆ ತಿಳಿಯುವ ಮಾತಿನಲ್ಲಿ ಕೇಳುವ ವ್ಯವಧಾನ ಪರೀಕ್ಷಕರಿಗಿರಬೇಕು. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಈ ಮಾಪನದ ಅಂಕ 55ರಿಂದ 69ರೊಳಗಿದ್ದರೆ ಅಂಗವೈಕಲ್ಯ ಶೇ. 50, 70ರಿಂದ 84 ಇದ್ದರೆ ಶೇ. 25 ಎಂದಿತ್ತು. ಸೌಲಭ್ಯಗಳ ಗೆರೆ ಇರುವುದು ಶೇ. 40ರಲ್ಲಿ. ಒಂದು ಅಂಕ ಆಚೀಚೆ ಆದರೆ ಒಂದು ಮನೆಯ ಮಾಸಾಶನವೇ ಆಚೀಚೆ. ಕನ್ನಡದ ಪ್ರಶ್ನೆಯನ್ನು ಲಂಬಾಣಿ ಮಾತ್ರ ಬಲ್ಲ ಮಗುವಿನ ಮುಂದಿಟ್ಟು ಬಂದ ಅಂಕಿಯನ್ನು ಬುದ್ಧಿಯ ಅಳತೆ ಎನ್ನಲಾಗದು. ಅದರಲ್ಲಿ ಅರ್ಧ ಕನ್ನಡದ ಅಳತೆ. ಆದ್ದರಿಂದ ಪರೀಕ್ಷೆಯ ಕೆಲಸಕ್ಕೆ ಹೋಗುವವರು ಕೇಳಬೇಕಾದ್ದು ಎರಡು: ಪರೀಕ್ಷಿಸುವವರ ನೋಂದಣಿ ಇದೆಯೇ, ದುಭಾಷಿ ಬೇಕಾದರೆ ಕರೆತರಲು ಬಿಡುತ್ತಾರೆಯೇ. ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ರಿಯಾಯಿತಿ ಕೇಳುವವರಿಗೂ ಇದೇ ಮಾತು ಸಲ್ಲುತ್ತದೆ.

ಸಲಹೆಯ ಕೆಲಸದ ಕಥೆ ಬೇರೆ. ಹದಿಹರೆಯದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್, ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ ಆಪ್ತಸಮಾಲೋಚಕರು, ತರುಣರಿಗೆ ನಿಮ್ಹಾನ್ಸ್ ನೆರವಿನ ಯುವಸ್ಪಂದನ ಕೇಂದ್ರ ಎಂದು ಬೇರೆ ಬೇರೆ ಯೋಜನೆಗಳಡಿ ಕೌನ್ಸೆಲರ್‌ಗಳಿದ್ದಾರೆ. ಓದು, ಮದುವೆ, ಪರೀಕ್ಷೆಯಲ್ಲಿ ನಪಾಸಾದ ಸಂಕಟ, ಗಂಡ-ಹೆಂಡಿರ ಜಗಳ ಇವಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟೇ ಬೇಕೆಂದಿಲ್ಲ. ತೊಡಕಿರುವುದು ಖಾಸಗಿ ಬೋರ್ಡುಗಳಲ್ಲಿ. ‘ಕೌನ್ಸೆಲರ್’, ‘ಥೆರಪಿಸ್ಟ್’, ‘ಮೈಂಡ್ ಕೋಚ್’ ಎಂದು ಯಾರು ಬೇಕಾದರೂ ಬರೆಸಿಕೊಳ್ಳಬಹುದಾದ ಕಾಲ ಇದು, ಎಂ.ಎ. ಮನಶ್ಶಾಸ್ತ್ರ ಮಾಡಿದವರಿಗೂ ವಾರಾಂತ್ಯದ ಶಿಬಿರ ಮುಗಿಸಿದವರಿಗೂ ಬೋರ್ಡು ಒಂದೇ. 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗ ಕಾಯ್ದೆ ಕ್ಲಿನಿಕಲ್ ಅಲ್ಲದ ಮನೋವಿಜ್ಞಾನಿಗಳನ್ನೂ ಸಮಾಲೋಚಕರನ್ನೂ ಮನೋಸಾಮಾಜಿಕ ಕಾರ್ಯಕರ್ತರನ್ನೂ ನೋಂದಣಿಯ ಕೆಳಗೆ ತರಲು ದಾರಿ ಮಾಡಿತು.

ಇನ್ನು ನಾವು ಆರಿಸಿಕೊಳ್ಳದ, ನಮ್ಮನ್ನೇ ಆರಿಸುವ ಮನೋವಿಜ್ಞಾನಿಗಳೂ ಇದ್ದಾರೆ. ಮಧ್ಯ ರೈಲ್ವೆ ಮತ್ತು ದಕ್ಷಿಣ ಮಧ್ಯ ರೈಲ್ವೆ ಕೂಡುವ ವಾಡಿ ಜಂಕ್ಷನ್ನಿನ ಮನೆಗಳಲ್ಲಿ ಸಹಾಯಕ ಲೋಕೋ ಪೈಲಟ್ ಹುದ್ದೆಯ ಕನಸು ಹೊಸದಲ್ಲ. ಆ ಹುದ್ದೆಗೆ ಲಿಖಿತ ಪರೀಕ್ಷೆ ಗೆದ್ದರೆ ಸಾಲದು. ಗಮನ, ನೆನಪು, ಪ್ರತಿಕ್ರಿಯೆಯ ಚುರುಕನ್ನು ಅಳೆಯುವ ಕಂಪ್ಯೂಟರ್ ಆಧಾರಿತ ಸಾಮರ್ಥ್ಯ ಪರೀಕ್ಷೆಯ ಒಂದೊಂದು ವಿಭಾಗದಲ್ಲೂ ಕನಿಷ್ಠ 42 ಟಿ-ಅಂಕ (ಉಳಿದ ಅಭ್ಯರ್ಥಿಗಳ ಸರಾಸರಿಗೆ ಹೋಲಿಸಿ ಕೊಡುವ ಅಂಕ) ಬರಬೇಕು. ರೈಲು ಸಿಬ್ಬಂದಿಯ ಇಂಥ ಪರೀಕ್ಷೆಗಳನ್ನು ರೂಪಿಸುವುದು ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒದ ಮನೋತಾಂತ್ರಿಕ ವಿಭಾಗ. ನ್ಯಾಯ ಮನೋವಿಜ್ಞಾನದ ಬಗ್ಗೆ ಒಂದೇ ಮಾತು ಸಾಕು: ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರ ಮೇ 5ರಂದು, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮಾಡಕೂಡದೆಂದು ಹೇಳಿತು. ಎದುರಿಗೆ ಕುಳಿತ ಮನೋವಿಜ್ಞಾನಿ ಯಾರ ಪರವಾಗಿ ಕೆಲಸ ಮಾಡುತ್ತಿದ್ದಾರೆ, ನಮ್ಮ ಪರವಾಗಿಯೋ ನಮ್ಮನ್ನು ಕಳಿಸಿದವರ ಪರವಾಗಿಯೋ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ ಎಂಬುದಕ್ಕೆ ಈ ತೀರ್ಪು ಒಳ್ಳೆಯ ಆಧಾರ.

ಇದಕ್ಕೆಲ್ಲ ಮೊದಲು ಬರುವ ಆಕ್ಷೇಪ ನೇರವಾದದ್ದು: ಒಬ್ಬರು ಸಿಗುವುದೇ ಕಷ್ಟವಾದ ಕಡೆ ಆಯ್ಕೆಯ ಮಾತೆಲ್ಲಿ? ಆಕ್ಷೇಪದಲ್ಲಿ ಹುರುಳಿದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 10.6 ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಕಂಡಿತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ದೇಶದಲ್ಲಿ ಲಕ್ಷ ಜನಕ್ಕೆ ಮುಕ್ಕಾಲು ಮನೋವೈದ್ಯರೂ ಸರಿಯಾಗಿ ಇಲ್ಲವೆಂಬ ಲೆಕ್ಕ ಮತ್ತೆ ಮತ್ತೆ ಉಲ್ಲೇಖವಾಗುತ್ತದೆ. ಆದರೂ ಕೊರತೆ ಇರುವಲ್ಲೇ ಆಯ್ಕೆ ಹೆಚ್ಚು ಎಚ್ಚರ ಬೇಡುತ್ತದೆ, ಏಕೆಂದರೆ ತಪ್ಪು ಬಾಗಿಲಿಗೆ ಹೋದ ಕೂಲಿಯವನಿಗೆ ಒಂದು ದಿನದ ಪಗಾರ ಹೋಗುತ್ತದೆ, ಎರಡನೆಯ ಸಲ ಆತ ಬರುವುದೇ ಇಲ್ಲ. ದಾರಿ ಇಲ್ಲವೆಂದೂ ಅಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಎಂಬುದು ಇದೇ ಕಲ್ಯಾಣ ಕರ್ನಾಟಕದ ಕೂಸು: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ರಾಷ್ಟ್ರೀಯ ಯೋಜನೆಗೆ ಅಚ್ಚಾಯಿತು. ಅದರ ಜಿಲ್ಲಾ ತಂಡದ ವಿನ್ಯಾಸದಲ್ಲಿ ಮನೋವೈದ್ಯ, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋಸಾಮಾಜಿಕ ಕಾರ್ಯಕರ್ತ, ಶುಶ್ರೂಷಕರ ಹುದ್ದೆಗಳಿವೆ. ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡು ಕರ್ನಾಟಕದ್ದು. ಕಲಬುರಗಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್, ಎಂ.ಆರ್. ವೈದ್ಯಕೀಯ ಕಾಲೇಜು, ಇಎಸ್‌ಐ ಆಸ್ಪತ್ರೆ ಇವೆ. ವಿಮೆ ಇರುವ ಸಿಮೆಂಟ್ ಕಾರ್ಮಿಕರಿಗೆ ಕೊನೆಯದು ನೆನಪಿರಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ. ಫೋನಿನ ಮಾತು ಪರೀಕ್ಷೆಗಾಗಲಿ ತೀವ್ರ ಕಾಯಿಲೆಗಾಗಲಿ ಸಾಲದು, ಆದರೆ ಯಾವ ಬಾಗಿಲಿಗೆ ಹೋಗಬೇಕೆಂದು ತಿಳಿಯುವುದಕ್ಕೆ ಸಾಕು. ಚಿಂಚೋಳಿ, ಸೇಡಂ ಕಡೆಯ ಹಲವರು ಹೈದರಾಬಾದಿನ ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಹೋಗುವುದು ನಿಜಾಮರ ಸೀಮೆಯ ಹಳೆಯ ನಂಟು. ತೆಲುಗು, ಉರ್ದು ಮಾತಾಡುವವರಿಗೆ ಅದು ಸರಿಯಾದ ಆಯ್ಕೆಯೇ. ಆದರೆ ಅಂಗವೈಕಲ್ಯದ ಸರ್ಟಿಫಿಕೇಟು, ಮಾಸಾಶನದ ಕಾಗದಗಳಿಗೆ ಸ್ವಂತ ಜಿಲ್ಲೆಗೇ ಬರಬೇಕಾದೀತು ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಗಾಣಗಾಪುರದ ದತ್ತನ ಸನ್ನಿಧಿಗೆ, ದರ್ಗಾಗಳಿಗೆ ಹೋಗಿ ಜನ ಸಮಾಧಾನ ಪಡೆಯುವುದಿಲ್ಲವೇ, ನೋಂದಣಿ ಸಂಖ್ಯೆ ಹಿಡಿದು ಅಲ್ಲಿಗಿಂತ ಹೆಚ್ಚಿನದೇನು ಸಿಗುತ್ತದೆ? ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಪ್ರಗತಿಪರ ಆತುರ ವಿಜ್ಞಾನಕ್ಕೆ ಒಪ್ಪುವಂಥದ್ದಲ್ಲ. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳಿದ 31 ಮಂದಿ ರೋಗಿಗಳನ್ನು ಗಮನಿಸಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು: ಸರಾಸರಿ ಆರು ವಾರದ ವಾಸದಲ್ಲಿ ರೋಗಲಕ್ಷಣಗಳ ಅಂಕ ಸುಮಾರು ಶೇ. 20 ಇಳಿದಿತ್ತು, ಔಷಧಿಯಿಲ್ಲದೆ. ಬೈಗುಳವಿಲ್ಲದ, ಹೊಡೆತವಿಲ್ಲದ, ಸಣ್ಣ ಕೆಲಸ ಮಾಡಿಕೊಂಡು ಇರುವ ಜಾಗ ಸಿಕ್ಕಿದ್ದೇ ಅದಕ್ಕೆ ಕಾರಣವಾಗಿರಬಹುದು. ಸಣ್ಣ ಅಧ್ಯಯನ, ಹೋಲಿಸಿ ನೋಡಲು ಇನ್ನೊಂದು ಗುಂಪೂ ಇರಲಿಲ್ಲ, ಆದರೂ ತಳ್ಳಿಹಾಕುವಂಥದ್ದಲ್ಲ. ಅದೇ ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಆಸುಪಾಸಿನ ಖಾಸಗಿ ಆಶ್ರಯವೊಂದರಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ 28 ಮಂದಿ ಸತ್ತರು. ಸರಪಳಿ ಬಿಗಿದಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಎರಡೂ ಕಡೆ ನಂಬಿಕೆ ಇತ್ತು. ಎರವಾಡಿಯಲ್ಲಿ ಇಲ್ಲದ್ದು ಕೇಳುವವರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೀತಿಯಲ್ಲೂ ಕೂಡದೆಂದು ನಿಷೇಧಿಸಿದೆ. ಹರಕೆ ಹೊತ್ತವರು ಹೊರಲಿ, ಜೊತೆಗೆ ಗುಳಿಗೆ ನಿಲ್ಲಿಸದಿರಲಿ ಎಂದು ಹೇಳುವ ಮನೋವಿಜ್ಞಾನಿ ಈ ಸೀಮೆಗೆ, ದೇವರ ಹೆಸರೆತ್ತಿದ ಕೂಡಲೇ ಮುಖ ಸಿಂಡರಿಸುವವರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಮೂರನೆಯದು ಶಾಸ್ತ್ರದ ಒಳಗಿನಿಂದಲೇ ಬರುವ ಆಕ್ಷೇಪ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ತಂಡ ನಡೆಸಿದ ಪ್ರಯೋಗದಲ್ಲಿ ಮನಶ್ಶಾಸ್ತ್ರದ ಪದವಿ ಇಲ್ಲದ ಸ್ಥಳೀಯರೇ ತೀವ್ರ ಖಿನ್ನತೆಯವರಿಗೆ ಆರೆಂಟು ಭೇಟಿಗಳ ಮಾತಿನ ಚಿಕಿತ್ಸೆ ಕೊಟ್ಟರು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ವರದಿಯಂತೆ ಮೂರು ತಿಂಗಳ ಬಳಿಕ ಅವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ವೈದ್ಯರ ಮಾಮೂಲು ಆರೈಕೆಯಷ್ಟೇ ಸಿಕ್ಕವರಲ್ಲಿ ಶೇ. 39. ಹಾಗಾದರೆ ಪದವಿ, ನೋಂದಣಿ ಏಕೆ? ಈ ಪ್ರಯೋಗವನ್ನು ಸರಿಯಾಗಿ ಓದಿದರೆ ಅದು ನಮ್ಮ ವಾದಕ್ಕೇ ಬಲ ಕೊಡುತ್ತದೆ. ಆ ಸಮಾಲೋಚಕರಿಗೆ ತರಬೇತಿಯಿತ್ತು, ಕೈಪಿಡಿಯಿತ್ತು, ಮೇಲ್ವಿಚಾರಣೆಯಿತ್ತು. ಭೇಟಿಯ ಧ್ವನಿಮುದ್ರಣವನ್ನು ಒಬ್ಬರದನ್ನೊಬ್ಬರು ಕೇಳಿ ಅಂಕ ಕೊಡುತ್ತಿದ್ದರು. ಪದವಿಯ ಬದಲು ಅಲ್ಲಿದ್ದದ್ದು ಹೊಣೆಗಾರಿಕೆ. ಚಿಕಿತ್ಸೆಯ ಪಂಥ ನೋಡಿ ಆರಿಸಿ ಎನ್ನುವ ನಗರದ ಸಲಹೆಗೂ ಇದೇ ಉತ್ತರ. 1936ರಲ್ಲೇ ಅಮೆರಿಕದ ಮನೋವಿಜ್ಞಾನಿ ಸಾಲ್ ರೋಸೆನ್‌ಜ್ವೈಗ್, ಬೇರೆ ಬೇರೆ ಪಂಥಗಳ ಚಿಕಿತ್ಸೆಗಳು ಫಲಿಸುವುದು ಅವುಗಳಿಗೆ ಸಮಾನವಾದ ಅಂಶಗಳಿಂದ ಎಂದಿದ್ದರು. ಅಂದಿನಿಂದ ವಾದ ನಡೆದೇ ಇದೆ. ಗೀಳಿನ ರೋಗಕ್ಕೆ, ಅಂದರೆ ಕೈ ತೊಳೆದಷ್ಟೂ ಸಾಲದೆನಿಸುವ ಬಗೆಯದಕ್ಕೆ, ಭಯವನ್ನು ಹಂತಹಂತವಾಗಿ ಎದುರಿಸುವ ನಿರ್ದಿಷ್ಟ ತರಬೇತಿ ಇದ್ದವರೇ ಬೇಕು. ಸಾಮಾನ್ಯ ಖಿನ್ನತೆ, ಆತಂಕಗಳಲ್ಲಿ ಪಂಥದ ಹೆಸರಿಗಿಂತ ಚಿಕಿತ್ಸಕರೊಂದಿಗೆ ಬೆಳೆಯುವ ನಂಬುಗೆ ಹೆಚ್ಚು ಕೆಲಸ ಮಾಡುತ್ತದೆ. ನಂಬುಗೆಗೆ ಭಾಷೆ ಬೇಕು: ‘ತಲಿ ಕೆಟ್ಟದ’ ಎಂದರೆ ಹುಚ್ಚೋ, ಬರೀ ಬೇಸರವೋ ಎಂದು ತಿಳಿಯದವರ ಮುಂದೆ ನಾಲ್ಕನೆಯ ಭೇಟಿಯವರೆಗೂ ಯಾರು ಕೂರುತ್ತಾರೆ?

ಮೊದಲ ಭೇಟಿಯಲ್ಲಿ ಕೇಳಲು ಸಂಕೋಚ ಬೇಕಿಲ್ಲ. ಏನು ಓದಿದ್ದೀರಿ, ಎಲ್ಲಿ. ನೋಂದಣಿ ಸಂಖ್ಯೆ ಯಾವುದು. ಇಂಥ ತೊಂದರೆಯವರನ್ನು ನೋಡಿದ್ದೀರಾ. ಎಷ್ಟು ಸಲ ಬರಬೇಕಾದೀತು. ಔಷಧಿ ಬೇಕೆನಿಸಿದರೆ ಯಾವ ಮನೋವೈದ್ಯರಿಗೆ ಕಳಿಸುತ್ತೀರಿ. ಆರ್‌ಸಿಐ ನೋಂದಣಿಯನ್ನು ಅದರ ಜಾಲತಾಣದಲ್ಲಿ ನೋಡಬಹುದು. ಮೊಬೈಲ್ ಬಲ್ಲ ಪಿಯುಸಿ ಹುಡುಗಿಗೆ ಅದು ದೊಡ್ಡ ಕೆಲಸವಲ್ಲ. ಮೊದಲ ದಿನವೇ ಪೂರ್ತಿ ಗುಣವಾಗುವ ಭರವಸೆ ಕೊಡುವವರು, ಮನೋವೈದ್ಯರು ಬರೆದ ಗುಳಿಗೆ ಬಿಡಿ ಎನ್ನುವವರು, ಹತ್ತು ಭೇಟಿಯ ಹಣ ಒಮ್ಮೆಗೇ ಕೇಳುವವರು, ಪರೀಕ್ಷೆಯ ವರದಿಯನ್ನು ಕೈಗೆ ಕೊಡದವರು ಯಾವ ಬಗೆಯವರಾದರೂ ಬೇಡ. ಗುಟ್ಟಿನ ವಿಷಯ ಈ ಸೀಮೆಯಲ್ಲಿ ಸೂಕ್ಷ್ಮ. ಸೊಸೆಯನ್ನು ಕರೆತಂದ ಅತ್ತೆಯೂ ಗಂಡನೂ ಒಳಗೇ ಕುಳಿತಿರುತ್ತಾರೆ. ಊರಿನ ಕೌನ್ಸೆಲರಾದರೆ ಬಂಧುವೇ ಆಗಿರಬಹುದು. 2017ರ ಕಾಯ್ದೆ ರೋಗಿಯ ಮಾಹಿತಿಯ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ, ಜೀವಾಪಾಯದಂಥ ಕೆಲವು ಸಂದರ್ಭ ಬಿಟ್ಟು. ಸೊಸೆಯೊಡನೆ ಸ್ವಲ್ಪ ಹೊತ್ತಾದರೂ ಒಂಟಿಯಾಗಿ ಮಾತಾಡುತ್ತೇನೆಂದು ಮನೆಯವರನ್ನು ಹೊರಗೆ ಕಳಿಸುವ ಮನೋವಿಜ್ಞಾನಿ ಒರಟರೆಂದು ತೋರಬಹುದು. ತಮ್ಮ ಕೆಲಸ ಬಲ್ಲವರ ಗುರುತು ಅದು. ಹಾಗೆಂದು ಮನೆಯವರನ್ನು ಪೂರ್ತಿ ಹೊರಗಿಡುವ ಪಶ್ಚಿಮದ ರೂಢಿ ಇಲ್ಲಿಗೆ ಹೊಂದದು, ಏಕೆಂದರೆ ಗುಳಿಗೆ ನೆನಪಿಸುವವರೂ ಬಸ್ಸು ಹತ್ತಿಸುವವರೂ ಅವರೇ.

ಈ ತರಬೇತಿಯ ಚೌಕಟ್ಟೇ ಈಗ ಬದಲಾಗುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು, ಕ್ಲಿನಿಕಲ್ ಸೈಕಾಲಜಿಗೆ ಕೆಲವು ವರ್ಷದ ವಿನಾಯಿತಿ ಸಿಕ್ಕರೂ ಅದರ ಜಾಗಕ್ಕೆ ಬೇರೆ ಪದವಿಗಳು ಬರುತ್ತಿವೆ. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲೂ ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಮನಶ್ಶಾಸ್ತ್ರ ವಿಭಾಗಗಳಿವೆ, ಅಲ್ಲಿ ಎಂ.ಎ., ಎಂ.ಎಸ್ಸಿ. ಮುಗಿಸಿದ ಈ ಸೀಮೆಯ ಹುಡುಗ-ಹುಡುಗಿಯರು ಕ್ಲಿನಿಕಲ್ ತರಬೇತಿಗೆ ಬೆಂಗಳೂರಿಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹೋಗಬೇಕು, ಹೋದವರಲ್ಲಿ ಹಲವರು ನಗರದಲ್ಲೇ ನೆಲೆ ನಿಲ್ಲುತ್ತಾರೆ. ಲಂಬಾಣಿಯಲ್ಲೋ ದಖನಿಯಲ್ಲೋ ಪರೀಕ್ಷೆ ಮಾಡಬಲ್ಲ ಕ್ಲಿನಿಕಲ್ ಸೈಕಾಲಜಿಸ್ಟ್ ಚಿಂಚೋಳಿ ತಾಲ್ಲೂಕಿನಿಂದಲೇ ಹೊರಟು ಚಿಂಚೋಳಿಗೇ ಮರಳಬೇಕಾದರೆ ಆ ತರಬೇತಿಯ ಸೀಟುಗಳು ಕಲಬುರಗಿಯಲ್ಲೇ ಇರಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಅವರಿಗೊಂದು ಕಾಯಂ ಹುದ್ದೆ ಇರಬೇಕು.